ಬಾತುಮರಿ ಪುಸ್ತಕದ ದಪ್ಪ ಹಾಳೆ

ಮನೆಯಿಂದ
ಒಂಬತ್ತನೆಯ ತಾರೀಖು, ಬುಧವಾರ, ಬೆಳಗಿನ ಹತ್ತು ಗಂಟೆ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಉಸಿರು ಹೇಗಿದೆ? ಮೆಟ್ಟಿಲು ಹತ್ತಿದಾಗ ಮಾತ್ರ ಏದುಸಿರು ಬರುತ್ತದೋ, ಸುಮ್ಮನೆ ಕೂತಾಗಲೂ ಬರುತ್ತದೋ? ಕಾಲಿನ ಊತ ಇಳಿಯಿತೇ? ಮಲಗುವಾಗ ತಲೆಗೆ ಎಷ್ಟು ದಿಂಬು ಇಟ್ಟುಕೊಳ್ಳುತ್ತೀಯೆ ಎಂದು ನಿಮ್ಮಮ್ಮ ಕೇಳುತ್ತಿದ್ದಾಳೆ. ನೀನು ಎರಡು ಎಂದು ಹೇಳುತ್ತೀಯಂತೆ, ನಿಜವಾಗಿ ಮೂರು ಇರುತ್ತದಂತೆ. ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಸೇರಿಸಿ "ಚೆನ್ನಾಗಿದ್ದೇನೆ" ಎಂದು ಒಂದೇ ಮಾತು ಬರೆದು ಕೈತೊಳೆದುಕೊಳ್ಳಬೇಡ. ಆ ಮಾತು ಕೇಳಿ ಕೇಳಿ ನಮ್ಮಿಬ್ಬರಿಗೂ ಸಾಕಾಗಿದೆ. ಅಳಿಯಂದಿರು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರೆಯೇ? ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ಅವರ ಬೆನ್ನು ಹಿಡಿದುಕೊಂಡಿರಬೇಕು. ಮಧ್ಯೆ ಮಧ್ಯೆ ಎದ್ದು ಓಡಾಡಲು ಹೇಳು.

ಇಲ್ಲಿ ನಾವು ಮೂವರೂ ಸೌಖ್ಯ. ನನ್ನ ಮಂಡಿ ಎಂದಿನಂತೆ ಗೊಣಗುತ್ತಿದೆ, ನಿಮ್ಮಮ್ಮ ಎಂದಿನಂತೆ ಅದಕ್ಕಿಂತ ಹೆಚ್ಚು ಗೊಣಗುತ್ತಿದ್ದಾಳೆ. ನಿನ್ನ ಮಗಳು ಬಟಾಣಿಯ ಮುಂದಿನ ಇನ್ನೊಂದು ಹಲ್ಲು ಬಿತ್ತು. ಏಳು ವರ್ಷಕ್ಕೆ ಇಷ್ಟೊಂದು ಹಲ್ಲು ಕಳೆದುಕೊಂಡವರು ತರಗತಿಯಲ್ಲಿ ತಾನೊಬ್ಬಳೇ ಎಂದು ಅವಳಿಗೆ ಬಲು ಜಂಬ. ಫೋನಿನಲ್ಲಿ ಹೇಳಬಹುದಿತ್ತಲ್ಲ, ಇಷ್ಟುದ್ದ ಕಾಗದ ಯಾಕೆ ಎಂದುಕೊಳ್ಳಬೇಡ. ನಿನ್ನ ಫೋನು ಬಂದರೆ ಸಾಕು, ಅವಳು ಎಲ್ಲಿದ್ದರೂ ಓಡಿ ಬಂದು ನನ್ನ ತೊಡೆಯೇರಿ ಕೂತು, ತನ್ನ ತಲೆಯನ್ನು ನನ್ನ ತಲೆಗೆ ಒತ್ತಿ, ಪ್ರತಿ ಮಾತನ್ನೂ ಕದ್ದು ಕೇಳುತ್ತಾಳೆ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ವಿಷಯವನ್ನೇ ಮಾತಾಡುವುದು ಹೇಗೆ? ಈಗ ಶಾಲೆಗೆ ಹೋಗಿದ್ದಾಳೆ. ಒಂದು ಗಂಟೆಗೆ ಬರುತ್ತಾಳೆ. ಅಷ್ಟರೊಳಗೆ ಬರೆದು ಮುಗಿಸಬೇಕು.

ನಿನ್ನ ಕಾಗದ ಶುಕ್ರವಾರವೇ ಬಂತು. ನಿಮ್ಮಮ್ಮನಿಗೂ ಓದಿ ಹೇಳಿದೆ. ಮಗಳೇ, ನೀನು ಸರ್ವೆ ಇಲಾಖೆಯಲ್ಲಿ ಹದಿನಾಲ್ಕು ವರ್ಷ ರಸ್ತೆ ಅಳೆದವಳು, ಒಪ್ಪಿದೆ. ಹಾಗೆಂದು ಹೆತ್ತವರಿಗೆ ಬರೆಯುವ ಕಾಗದಕ್ಕೂ ನಂಬರು ಹಾಕುತ್ತಾರೆಯೇ? ಒಂದು, ಹದಿನೇಳನೆಯ ತಾರೀಖು ಗುರುವಾರ ಆಪರೇಷನ್, ಹೃದಯದ ಕವಾಟ ಬದಲಿಸುತ್ತಾರೆ. ಎರಡು, ಐದು ಗಂಟೆ ಹಿಡಿಯಬಹುದು. ಮೂರು, ಅಪಾಯವಿದೆ, ಮಾಡಿಸದಿದ್ದರೆ ಇನ್ನೂ ಹೆಚ್ಚಿನ ಅಪಾಯ. ನಾಲ್ಕು, ನಾನು ಎದ್ದು ಓಡಾಡುವವರೆಗೆ ಬಟಾಣಿಗೆ ಏನೂ ತಿಳಿಯಬಾರದು, ನೀವು ಯಾರೂ ಬರಬೇಡಿ. ಐದು, ಅವಳ ಸ್ವೆಟರು ಬೀರುವಿನ ಕೆಳಗಿನ ಖಾನೆಯಲ್ಲಿದೆ. ಮೂರಕ್ಕೂ ಐದಕ್ಕೂ ನಡುವೆ ನಾಲ್ಕನೆಯದನ್ನು ಮೆಲ್ಲಗೆ ತೂರಿಸಿದ್ದೀಯೆ. ಸ್ವೆಟರು ಹುಡುಕುವ ಗಡಿಬಿಡಿಯಲ್ಲಿ ಅಪ್ಪ ಅದನ್ನು ಪ್ರಶ್ನಿಸದೆ ನುಂಗಿಕೊಳ್ಳುತ್ತಾನೆ ಎಂದುಕೊಂಡೆಯೋ ಏನೋ. ಸ್ವೆಟರು ಸಿಕ್ಕಿತು. ಈ ಕಾಗದ ನಾಲ್ಕನೆಯದರ ಬಗ್ಗೆ.

ಬಟಾಣಿಗೆ ತಿಳಿಯಬಾರದು ಎಂಬ ನಿನ್ನ ಮಾತನ್ನು ಮೊದಲ ದಿನದಿಂದಲೂ ಪಾಲಿಸಿಕೊಂಡು ಬಂದಿದ್ದೇವೆ. ಅಮ್ಮ ದೂರದಲ್ಲಿ ಒಂದು ರಸ್ತೆ ಅಳೆಯುತ್ತಿದ್ದಾಳೆ, ಟೇಪಿನ ಇನ್ನೊಂದು ತುದಿ ಹಿಡಿದುಕೊಳ್ಳಲು ಅಪ್ಪ ಹೋಗಿದ್ದಾರೆ ಎಂದು ನಾನು ಹೇಳಿದ ಸುಳ್ಳಿಗೆ ಏಳು ವಾರ ತುಂಬಿತು. ಸುಳ್ಳು ಹೇಳುವುದರಲ್ಲಿ ನಾನು ಶುದ್ಧ ದಡ್ಡ, ನಿನಗೇ ಗೊತ್ತು. ಬಟಾಣಿ ವಾರಕ್ಕೊಮ್ಮೆ "ತಾತ, ರಸ್ತೆ ಇನ್ನೂ ಎಷ್ಟುದ್ದ ಇದೆ?" ಎನ್ನುತ್ತಾಳೆ. ಒಂದು ವಾರ ಸೇತುವೆ ಸೇರಿಸಿದೆ, ಇನ್ನೊಂದು ವಾರ ತಿರುವು ಸೇರಿಸಿದೆ, ಆಮೇಲೆ ಬೆಟ್ಟ ತಂದು ನಿಲ್ಲಿಸಿದೆ. ಇನ್ನು ಆ ರಸ್ತೆ ಸಮುದ್ರಕ್ಕೆ ಇಳಿಯುವುದೊಂದೇ ಬಾಕಿ. ಹೋದ ವಾರ ಅವಳು ಕೇಳಿದ್ದು ಬೇರೆ. "ಅಮ್ಮ ಕೂತ್ಕೊಂಡೇ ಅಲ್ವಾ ಫೋನಲ್ಲಿ ಮಾತಾಡೋದು? ಮತ್ತೆ ಓಡಿ ಬಂದವರ ಥರ ಯಾಕೆ ಉಸಿರು ಬಿಡ್ತಾಳೆ?" ಅಲ್ಲಿ ಗಾಳಿ ಜಾಸ್ತಿ ಎಂದೆ. ಅವಳು ಮತ್ತೇನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ನನಗೆ ಹೆಚ್ಚು ಕಷ್ಟವಾಯಿತು.

ಇದೇ ಹೊತ್ತಿಗೆ ಬಾತುಮರಿ ಪುಸ್ತಕ ಸಿಕ್ಕಿತು. ನಿನಗೆ ನೆನಪಿದೆಯೇ? ಮರೆತಿರಲಾರೆ. ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ ನಿನ್ನ ಹಳೆಯ ಶಾಲೆಯ ಪುಸ್ತಕಗಳ ಅಡಿಯಲ್ಲಿತ್ತು. ಬಟಾಣಿ ಮೂಗಿಗೆಲ್ಲ ಧೂಳು ಮೆತ್ತಿಕೊಂಡು ಅದನ್ನು ಎಳೆದು ತಂದಳು. ಹಸಿರು ಬಟ್ಟೆಯ ರಟ್ಟು ನೋಡಿದ ತಕ್ಷಣ ನನ್ನ ಕೈ ತಾನಾಗಿ ಮುಂದೆ ಹೋಯಿತು. ನಾನು ಕಟ್ಟಿದ ಪುಸ್ತಕವನ್ನು ಕತ್ತಲಲ್ಲಿ ಮುಟ್ಟಿದರೂ ಗುರುತು ಹಿಡಿಯುತ್ತೇನೆ. ಮೂವತ್ತೆರಡು ವರ್ಷವಾದರೂ ಒಂದು ಹೊಲಿಗೆ ಸಡಿಲವಾಗಿಲ್ಲ, ಒಂದು ಮೂಲೆ ನಲುಗಿಲ್ಲ. ನಿಮ್ಮಮ್ಮ "ಶುರುವಾಯಿತು ಇವರ ಪುರಾಣ" ಎನ್ನುತ್ತಾ ಒಳಗೆ ಹೋದಳು.

ಲೈಬ್ರರಿಯ ಹಿಂಭಾಗದ ನನ್ನ ರಿಪೇರಿ ಕೋಣೆ ನೆನಪಿದೆಯಲ್ಲ, ಒಂದೇ ಕಿಟಕಿ, ಉದ್ದನೆಯ ಮೇಜು, ಮೂಲೆಯಲ್ಲಿ ಕಬ್ಬಿಣದ ಪ್ರೆಸ್ಸು. ಶಾಲೆ ಬಿಟ್ಟ ಮೇಲೆ ನೀನು ನೇರವಾಗಿ ಅಲ್ಲಿಗೇ ಬರುತ್ತಿದ್ದೆ. ಕತ್ತರಿಸಿ ಉಳಿದ ರಟ್ಟಿನ ರಾಶಿಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದೆ. ನಾನು ಮೈದಾ ಹಿಟ್ಟಿಗೆ ಹುಳು ಹಿಡಿಯದಂತೆ ಚಿಟಿಕೆ ಮೈಲುತುತ್ತ ಹಾಕಿ ಅಂಟು ಕಾಯಿಸುವಾಗ ಆ ವಾಸನೆಗೆ ಮೂಗು ಮುಚ್ಚಿಕೊಂಡು, ಎರಡು ಬೆರಳಿನ ಸಂದಿಯಿಂದ ಮತ್ತೆ ಮೂಸುತ್ತಿದ್ದೆ. ಲೈಬ್ರರಿಯಮ್ಮ ವಾರಕ್ಕೊಂದು ಬುಟ್ಟಿ ತುಂಬ ಮಕ್ಕಳ ಪುಸ್ತಕ ಕಳಿಸುತ್ತಿದ್ದರು. ಕಿವಿ ಹರಿದವು, ಬೆನ್ನು ಮುರಿದವು, ಯಾರೋ ಹಲ್ಲಿನಲ್ಲಿ ಕಡಿದವು. ರಿಪೇರಿಗೂ ಲಾಯಕ್ಕಿಲ್ಲದ್ದನ್ನು ನಾನು ಇಟ್ಟುಕೊಳ್ಳಬಹುದಿತ್ತು. ಹಾಗೆ ಬಂದದ್ದು ಬಾತುಮರಿ. ಹೊದಿಕೆಯೇ ಇರಲಿಲ್ಲ, ಆದ್ದರಿಂದ ಅದರ ನಿಜವಾದ ಹೆಸರು ಏನೆಂದು ನಮಗೆ ಯಾರಿಗೂ ಗೊತ್ತಾಗಲೇ ಇಲ್ಲ. ಒಂದು ದೊಡ್ಡ ನಿಘಂಟಿಗೆ ಹಾಕಿ ಉಳಿದ ಹಸಿರು ಬಟ್ಟೆಯಲ್ಲಿ ಅದಕ್ಕೆ ರಟ್ಟು ಕಟ್ಟಿ, ನಿನ್ನ ಐದನೆಯ ಹುಟ್ಟುಹಬ್ಬಕ್ಕೆ ಕೊಟ್ಟೆ.

ಕಥೆ ಇಷ್ಟೇ. ಒಬ್ಬ ಪುಟ್ಟ ಹುಡುಗಿಯ ಬಾತುಮರಿ ರಸ್ತೆಯ ಕೆಳಗಿನ ಸುರಂಗದೊಳಗೆ ಹೋಗಿಬಿಡುತ್ತದೆ. ಅವಳು ಲಾಟೀನು ಹಿಡಿದು ಸುರಂಗದ ಬಾಯಿಯ ಹತ್ತಿರ ನಿಲ್ಲುತ್ತಾಳೆ. ಮುಂದಿನ ಪುಟದಲ್ಲಿ ಆ ಕಡೆಯಿಂದ ಹೊರಗೆ ಬರುತ್ತಾಳೆ. ಕಂಕುಳಲ್ಲಿ ಬಾತುಮರಿ, ತಲೆ ತುಂಬ ಕಸ, ಒಂದು ಕಾಲಿಗೆ ಚಪ್ಪಲಿ ಇಲ್ಲ, ಬಾಯಿ ತುಂಬ ನಗು. ಈ ಎರಡು ಪುಟಗಳ ಮಧ್ಯೆ ಇನ್ನೆರಡು ಪುಟ ಇದ್ದವು, ಸುರಂಗದ ಒಳಗಿನವು. ನಿನಗೆ ಕೊಡುವ ಮೊದಲು ತಿರುವಿ ನೋಡುವಾಗ ಅವು ಕಣ್ಣಿಗೆ ಬಿದ್ದವು. ಎರಡು ಪುಟವೂ ಕಪ್ಪು, ಆ ಕಪ್ಪಿನ ಮಧ್ಯೆ ತಟ್ಟೆಯಷ್ಟು ಅಗಲದ ಎರಡು ಹಳದಿ ಕಣ್ಣು. ಆಗ ನೀನು ಹೆದರದ ವಸ್ತುವೇ ಇರಲಿಲ್ಲ. ಕುಕ್ಕರಿನ ಸಿಳ್ಳೆಗೆ ಅಳು, ಪಕ್ಕದ ಮನೆಯ ಟೈಲರ್ ಕತ್ತರಿ ಎತ್ತಿದರೆ ಅಳು, ಒಣಹಾಕಿದ ಅಂಗಿ ಗಾಳಿಗೆ ಅಲ್ಲಾಡಿದರೆ ಅಳು. ನಿನ್ನ ಸೋದರಮಾವ ನಿನಗೆ ಪಿಟೀಲು ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಇವಳಿಗೆ ಇದೊಂದು ಬೇರೆ ಬೇಕೇ ಎಂದುಕೊಂಡೆ. ಎದುರುಬದುರು ಇದ್ದ ಆ ಎರಡು ಪುಟಗಳ ಮೂರು ಅಂಚಿಗೂ ತೆಳ್ಳಗೆ ಅಂಟು ಬಳಿದು, ಒಂದಕ್ಕೊಂದು ಮುಚ್ಚಿ, ಇಡೀ ದಿನ ಪ್ರೆಸ್ಸಿನಲ್ಲಿ ಒತ್ತಿ ಇಟ್ಟೆ. ಎಷ್ಟು ಅಚ್ಚುಕಟ್ಟಾಗಿ ಕೂತಿತೆಂದರೆ, ಉಗುರು ಹಾಕಿದರೂ ತುದಿ ಸಿಗುತ್ತಿರಲಿಲ್ಲ. ಲೈಬ್ರರಿಯ ಇಬ್ಬರು ಗುಮಾಸ್ತರನ್ನು ಕರೆದು ತೋರಿಸಿ ಬೆನ್ನು ತಟ್ಟಿಸಿಕೊಂಡೆ.

ನೀನು ಕೇಳುತ್ತಿದ್ದ ಒಂದೇ ಪ್ರಶ್ನೆ ಚಪ್ಪಲಿಯದು. "ಇನ್ನೊಂದು ಚಪ್ಪಲಿ ಎಲ್ಲಪ್ಪಾ?" ಮನೆಯಲ್ಲೇ ಬಿಟ್ಟು ಬಂದಿದ್ದಾಳೆ ಎಂದೆ. ನೀನು ನನ್ನ ಕೈಯಿಂದ ಹಿಂದಿನ ಪುಟ ತಿರುವಿಸಿ, ಸುರಂಗದ ಬಾಯಲ್ಲಿ ನಿಂತವಳ ಎರಡು ಕಾಲನ್ನೂ ಬೆರಳಿಟ್ಟು ತೋರಿಸಿದೆ. ಎರಡರಲ್ಲೂ ಚಪ್ಪಲಿ ಇತ್ತು. ಚಿತ್ರ ಬರೆದವರು ಮರೆತಿದ್ದಾರೆ ಎಂದು ತಪ್ಪನ್ನು ಆ ಪಾಪದವರ ತಲೆಗೆ ಕಟ್ಟಿದೆ. ಆಮೇಲೆ ನೀನು ಕೇಳುವುದನ್ನು ಬಿಟ್ಟೆ. ಅದಾಗಿ ಒಂದೆರಡು ವರ್ಷಕ್ಕೆ ನೀನು ಅಳುವುದನ್ನೂ ಬಿಟ್ಟೆ. ನಿನಗೆ ಒಂಬತ್ತು ವರ್ಷವಾಗಿದ್ದಾಗ ಸೈಕಲ್ಲಿನಿಂದ ಬಿದ್ದು ಹೆಗಲ ಮೂಳೆ ಮುರಿಯಿತಲ್ಲ, ಆಗ ಡಾಕ್ಟರು ಅದನ್ನು ಸರಿಪಡಿಸುವಾಗ ನೀನು ತುಟಿ ಕಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಒಂದು ಹನಿ ಕಣ್ಣೀರಿಲ್ಲ. ನಾನು ತಿಂಗಳಾನುಗಟ್ಟಲೆ ಅದನ್ನು ಕಂಡಕಂಡವರ ಹತ್ತಿರ ಕೊಚ್ಚಿಕೊಂಡೆ. ನನ್ನ ಮಗಳು ಅಳುವವಳಲ್ಲ, ಗಟ್ಟಿಗಿತ್ತಿ, ನೋಡಿ ಕಲಿಯಿರಿ ಎಂದು ಬೇರೆಯವರ ಮಕ್ಕಳಿಗೂ ಬುದ್ಧಿ ಹೇಳಿದೆ. ಪುಸ್ತಕದ ಹುಡುಗಿ ನಗುತ್ತಾ ಹೋಗಿ ನಗುತ್ತಾ ಬಂದ ಹಾಗೆ ನನ್ನ ಮಗಳೂ ಎಂದು ನಾನು ಹಿಗ್ಗುತ್ತಿದ್ದೆ.

ಈಗ ಬಟಾಣಿಯ ಕಥೆ ಕೇಳು. ಪುಸ್ತಕ ಸಿಕ್ಕಿದ ಮೊದಲ ದಿನವೇ ಅವಳು ಆ ಹಾಳೆಯನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಹಿಡಿದು ಉಜ್ಜಿದಳು. "ಇದೊಂದು ಯಾಕೆ ದಪ್ಪ?" ಕಾಗದವೇ ಹಾಗೆ ಎಂದೆ. ಕಿಟಕಿಯ ಬೆಳಕಿಗೆ ಹಿಡಿದಳು. "ಒಳಗೆ ಕಪ್ಪಗೆ ಏನೋ ಇದೆ." ಏನೂ ಇಲ್ಲ ಎಂದೆ. "ಏನೂ ಇಲ್ಲಾಂದ್ರೆ ಯಾಕೆ ಅಂಟಿಸಿದ್ದು?" ಮೂವತ್ತು ವರ್ಷ ಯಾರಿಗೂ ತುದಿ ಸಿಗದ ಅಂಟು ಇದು, ಅವಳು ಒಂದೇ ಪ್ರಶ್ನೆಯಲ್ಲಿ ಬಿಚ್ಚಿಟ್ಟಳು. ಮಾರನೆಯ ದಿನ ಬೆಳಗ್ಗೆ ಪುಸ್ತಕ ಕಾಣಲಿಲ್ಲ. ಹುಡುಕಿದರೆ ಹೊರಗೆ ಮೆಟ್ಟಿಲ ಹತ್ತಿರ ಹೂವಿನ ಕುಂಡದ ಅಡಿಯಲ್ಲಿ ಇತ್ತು. ಮೇಲೆ ಭಾರ ಇದ್ದರೆ ಒಳಗಿರುವುದು ಹೊರಗೆ ಬರುವುದಿಲ್ಲವಂತೆ. ಒದ್ದೆ ಕುಂಡದ ಕೆಳಗೆ ನನ್ನ ಹಸಿರು ಬಟ್ಟೆ! ನಾನು ಕೂಗಾಡಿದೆ, ಅವಳು ಮುಖ ಊದಿಸಿಕೊಂಡಳು, ನಿಮ್ಮಮ್ಮ ಒಳಗಿನಿಂದ ಬಂದು ಇಬ್ಬರನ್ನೂ ನೋಡಿ, ಬಟಾಣಿಯನ್ನು ಬಿಟ್ಟು ನನ್ನನ್ನು ಬೈದಳು.

"ಅವಳಮ್ಮನೂ ಹೀಗೇ ಮಾಡ್ತಿದ್ಲು. ನಿಮಗೇನು ಗೊತ್ತು?" ಎಂದಳು. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ ಮಗಳೇ. ಆ ಹಾಳೆ ಬಂದರೆ ನೀನು ನಿಮ್ಮಮ್ಮನ ಕೈಯಿಂದ ತಿರುವಿಸುತ್ತಿದ್ದೆಯಂತೆ. ಅದು ದಾಟುವವರೆಗೆ ಉಸಿರು ಬಿಗಿಹಿಡಿದುಕೊಳ್ಳುತ್ತಿದ್ದೆಯಂತೆ. "ಅಪ್ಪ ಮುಚ್ಚಿಟ್ಟಿರೋದು ಆಚೆಗೆ ಬಂದ್ರೆ ಏನ್ಮಾಡೋದಮ್ಮ?" ಎಂದು ಅವಳ ಕಿವಿಯಲ್ಲಿ ಕೇಳಿದ್ದೆಯಂತೆ. ನನ್ನನ್ನು ಮಾತ್ರ ಕೇಳಲಿಲ್ಲ. ಮುಚ್ಚಿದವನೇ ನಾನಲ್ಲವೇ, ಅಪ್ಪನೇ ಹೆದರಿ ಮುಚ್ಚಿದ್ದಾನೆಂದರೆ ಒಳಗಿರುವುದು ಎಂಥದ್ದಿರಬೇಕು ಎಂದುಕೊಂಡಿರಬೇಕು ನೀನು. ನಿಮ್ಮಮ್ಮ ಇದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಲು ಬಂದಾಗಲೆಲ್ಲ ನಾನು ನನ್ನ ಅಂಟಿನ ಗುಣಗಾನ ಮಾಡುತ್ತಿದ್ದೆನಂತೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಇದು ನನ್ನ ಕಸುಬಿನ ಮಾತು. ಮಕ್ಕಳ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹರಿಯುವ ಪುಟ ಯಾವುದು ಗೊತ್ತೇ? ಮೊದಲನೆಯದಲ್ಲ, ಕೊನೆಯದಲ್ಲ. ಹೆದರಿಸುವ ಪುಟ. ತೋಳ ಬಾಯಿ ತೆರೆದ ಪುಟ, ಬಿರುಗಾಳಿಯಲ್ಲಿ ದೋಣಿ ಮಗುಚುವ ಪುಟ, ಮಗು ಜಾತ್ರೆಯಂಥ ಗುಂಪಿನಲ್ಲಿ ಕಳೆದುಹೋಗುವ ಪುಟ. ಆ ಪುಟದ ಮೂಲೆ ಬೆರಳಿನ ಕೊಳೆಗೆ ಕಪ್ಪಾಗಿರುತ್ತದೆ, ಅಲ್ಲಿಯ ಹೊಲಿಗೆ ಮೊದಲು ಸಡಿಲವಾಗುತ್ತದೆ. ಪುಸ್ತಕವನ್ನು ಮೇಜಿನ ಮೇಲೆ ಬೆನ್ನಿನ ಮೇಲೆ ನಿಲ್ಲಿಸಿ ಕೈಬಿಟ್ಟರೆ ಅದು ತಾನಾಗಿ ಆ ಪುಟಕ್ಕೇ ತೆರೆದುಕೊಳ್ಳುತ್ತದೆ. ಮಕ್ಕಳು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಾರೆ. ನೋಡಿ ಕಿರುಚಿ, ಪುಸ್ತಕ ಮುಚ್ಚಿ, ಮತ್ತೆ ತೆರೆದು ನೋಡುತ್ತಾರೆ. ಯಾರದೋ ಮಡಿಲಲ್ಲಿ ಕೂತು, ಮುಂದಿನ ಪುಟ ಇದೆ ಎಂದು ಗೊತ್ತಿದ್ದು ಹೆದರುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾರೆ. ಇಂಥ ಪುಟಗಳನ್ನು ನಾನು ಸಾವಿರಗಟ್ಟಲೆ ತೇಪೆ ಹಾಕಿ ಕೊಟ್ಟಿದ್ದೇನೆ. ಬೇರೆಯವರ ಮಕ್ಕಳಿಗೆ ಹರಿದದ್ದನ್ನು ಸರಿಮಾಡಿ ಕೊಟ್ಟೆ, ನನ್ನ ಮಗಳಿಗೆ ಮಾತ್ರ ಮುಚ್ಚಿ ಕೊಟ್ಟೆ.

ಹಾಳೆ ಬಿಡಿಸಬೇಕೆಂದು ಬಟಾಣಿ ಪಟ್ಟು ಹಿಡಿದಳು. ಶನಿವಾರ, ಭಾನುವಾರ ಎರಡು ದಿನ ಬೇಕಾಯಿತು. ಬ್ಲಾಟಿಂಗ್ ಕಾಗದವನ್ನು ನೀರಿನಲ್ಲಿ ಅದ್ದಿ ಹಿಂಡಿ, ಅಂಚಿಗೆ ಪಟ್ಟಿ ಪಟ್ಟಿಯಾಗಿ ಇಟ್ಟು, ಅಂಟು ನೆನೆಯುವವರೆಗೆ ಕಾದು, ಮಡಿಕೆ ತೀಡುವ ಮೂಳೆಯ ಪಟ್ಟಿಯನ್ನು ಕೂದಲೆಳೆಯಷ್ಟು ಒಳಗೆ ತೂರಿಸುವುದು. ಮತ್ತೆ ಕಾಯುವುದು. ಅವಸರ ಮಾಡಿದರೆ ಚಿತ್ರದ ಬಣ್ಣವೇ ಕಿತ್ತು ಬರುತ್ತದೆ. ಅವಳು ನನ್ನ ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತು, ಬೊಕ್ಕ ಬಾಯಲ್ಲಿ ಉಸಿರು ಬಿಡುತ್ತಾ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಎರಡು ಅಂಚು ಬಿಟ್ಟಾಗ ಮೂಲೆಯಲ್ಲಿ ಹಳದಿ ಕಂಡಿತು. ಅವಳು ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ, ಕೈ ಬಿಡು ಮಗು, ಪಟ್ಟಿ ಜಾರುತ್ತದೆ ಎನ್ನಬೇಕಾಯಿತು. ನಿಲ್ಲಿಸಲೇ ಎಂದು ಕೇಳಿದೆ. "ಬೇಡ. ನಿಧಾನಕ್ಕೆ ಮಾಡಿ" ಎಂದಳು.

ಭಾನುವಾರ ಮಧ್ಯಾಹ್ನ ಪೂರ್ತಿ ಬಿಟ್ಟಿತು. ಮೂರು ತಲೆಗಳೂ ಒಟ್ಟಿಗೆ ಬಾಗಿದವು. ಬಟಾಣಿ ಒಂದು ಕಿರುಚು ಕಿರುಚಿ ಅಜ್ಜಿಯ ಸೆರಗಿನೊಳಗೆ ಹೋದಳು, ಸ್ವಲ್ಪ ಹೊತ್ತಿಗೆ ಒಂದು ಕಣ್ಣು ಹೊರಗೆ ಬಂತು, ಆಮೇಲೆ ಇನ್ನೊಂದು. "ಇದಕ್ಕೆ ಒಂದು ಹಲ್ಲೂ ಇಲ್ಲ, ನನ್ನ ಥರ" ಎಂದಳು. ಹೌದು, ಆ ಪ್ರಾಣಿಗೆ ಬಾಯಿ ದೊಡ್ಡದಿದೆ, ಹಲ್ಲಿಲ್ಲ. ಕಣ್ಣೂ ಈಗ ನನಗೆ ಅಷ್ಟೇನೂ ಭಯಂಕರವಾಗಿ ಕಾಣಲಿಲ್ಲ. ಆಮೇಲೆ ಅವಳು ಮೇಜಿನ ಮೇಲೆ ಅರ್ಧ ಹತ್ತಿ "ಚಪ್ಪಲಿ! ತಾತ, ಚಪ್ಪಲಿ ಇಲ್ಲಿದೆ!" ಎಂದು ಕೂಗಿದಳು. ಸುರಂಗದ ಕೆಸರಿನಲ್ಲಿ ಹೂತು ಹೋಗಿ ಬರೀ ಪಟ್ಟಿ ಕಾಣುತ್ತಿತ್ತು. ನೀನು ಕೇಳಿದ ಪ್ರಶ್ನೆಗೆ ಇಷ್ಟು ವರ್ಷದ ಮೇಲೆ ಉತ್ತರ ಸಿಕ್ಕಿತು, ಅದನ್ನು ಹೇಳಲು ನೀನು ಪಕ್ಕದಲ್ಲಿ ಇರಲಿಲ್ಲ.

ಆದರೆ ನಾನು ಹೇಳಬೇಕಾದ್ದು ಆ ಪ್ರಾಣಿಯ ವಿಷಯವೂ ಅಲ್ಲ, ಚಪ್ಪಲಿಯ ವಿಷಯವೂ ಅಲ್ಲ. ಎಡಗಡೆಯ ಪುಟದ ಕೆಳಗೆ ಆ ಹುಡುಗಿ ಇದ್ದಾಳೆ. ಅವತ್ತು ನಾನು ಹಳದಿ ಕಣ್ಣು ನೋಡಿದ ಅವಸರದಲ್ಲಿ ಅವಳ ಮುಖ ನೋಡಿರಲೇ ಇಲ್ಲ. ಮಗಳೇ, ಅವಳು ಅಳುತ್ತಿದ್ದಾಳೆ. ಮೂಗು ಕೆಂಪಗೆ, ಬಾಯಿ ಸೊಟ್ಟಗೆ, ಕೆನ್ನೆಯ ಮೇಲೆ ದಪ್ಪ ದಪ್ಪ ಹನಿ. ಒಂದು ಕೈಯಲ್ಲಿ ಲಾಟೀನು, ಇನ್ನೊಂದು ಕೈಯಿಂದ ಮೂಗು ಒರೆಸಿಕೊಳ್ಳುತ್ತಿದ್ದಾಳೆ. ಬರಿಗಾಲು ಮುಂದಕ್ಕೆ ಎತ್ತಿಟ್ಟಿದ್ದಾಳೆ. ಕೆಳಗೆ ಎರಡೇ ಸಾಲು: "ಅವಳು ಜೋರಾಗಿ ಅತ್ತಳು. ಅಳುತ್ತಲೇ ಇನ್ನೊಂದು ಹೆಜ್ಜೆ ಇಟ್ಟಳು." ಬಟಾಣಿ ಅದನ್ನು ಅಕ್ಷರ ಕೂಡಿಸಿ ಓದಿ, "ಅತ್ತರೂ ಹೋದ್ಲಾ?" ಎಂದು ಕೇಳಿದಳು. ಹೋದಳು ಎಂದೆ. "ಹಾಗಾದ್ರೆ ಅತ್ತರೂ ಪರವಾಗಿಲ್ಲ" ಎಂದು ತೀರ್ಮಾನ ಕೊಟ್ಟು ಹಾಲು ಕುಡಿಯಲು ಹೋದಳು. ನಾನು ಅಲ್ಲೇ ಕೂತೆ. ನಿಮ್ಮಮ್ಮ ಬಂದು ಒದ್ದೆ ಬ್ಲಾಟಿಂಗ್ ಕಾಗದಗಳನ್ನೆಲ್ಲ ಸುಮ್ಮನೆ ಎತ್ತಿಟ್ಟಳು.

ನಿನಗೆ ನಾನು ಕೊಟ್ಟ ಪುಸ್ತಕದಲ್ಲಿ ಆ ಹುಡುಗಿ ಅಳಲೇ ಇಲ್ಲ. ಈ ಕಡೆ ನಿಂತವಳು ಆ ಕಡೆ ನಗುತ್ತಾ ಬಂದಳು. ಧೈರ್ಯ ಎಂದರೆ ಅಷ್ಟೇ ಎಂದು ನೀನು ಕಲಿತೆ, ನಾನು ಬೆನ್ನು ತಟ್ಟಿದೆ. ಎಂಟು ತಿಂಗಳು "ಸ್ವಲ್ಪ ಸುಸ್ತು" ಎನ್ನುತ್ತಾ ಬಿಸಿಲಲ್ಲಿ ಟೇಪು ಹಿಡಿದು ನಡೆದೆಯಲ್ಲ, ಆಫೀಸಿನ ಅಂಗಳದಲ್ಲಿ ಬಿದ್ದ ಮೇಲೆ ತಾನೇ ನಮಗೆ ತಿಳಿದದ್ದು? ಹೋದ ಶುಕ್ರವಾರದ ಕಾಗದದಲ್ಲಿ ಐದು ನಂಬರು ಇತ್ತು, "ಭಯವಾಗುತ್ತಿದೆ ಅಪ್ಪಾ" ಎಂಬ ಒಂದು ಮಾತು ಇರಲಿಲ್ಲ. ಭಯವಾಗುತ್ತಿಲ್ಲ ಎಂದು ಮಾತ್ರ ಹೇಳಬೇಡ. ನಿನಗೆ ಭಯವಾಗಿದೆ, ಅಳಿಯಂದಿರಿಗೆ ಭಯವಾಗಿದೆ, ನಮಗೂ ಭಯವಾಗಿದೆ. ಇದಕ್ಕೆಲ್ಲ ಒಂದು ಮಕ್ಕಳ ಪುಸ್ತಕವೇ ಕಾರಣ ಎಂದು ಹೇಳುವಷ್ಟು ಅರಳುಮರಳು ನನಗಿನ್ನೂ ಬಂದಿಲ್ಲ. ಆದರೂ ಮುಚ್ಚಿದ ಕೈ ನನ್ನದು, ಕ್ಷಮಿಸು.

ಅದಕ್ಕೇ ಕೇಳುತ್ತಿದ್ದೇನೆ. ಬಟಾಣಿಗೆ ನಿಜ ಹೇಳಲು ಒಪ್ಪಿಗೆ ಕೊಡು. ಹದಿನೇಳನೆಯ ತಾರೀಖಿನ ಮೊದಲು ಅವಳನ್ನು ಕರೆತಂದು ನಿನ್ನ ಹತ್ತಿರ ಕೂರಿಸಲು ಒಪ್ಪಿಗೆ ಕೊಡು. ಬಾಯಿಬಿಟ್ಟು ಹೇಳಲು ನನಗೆ ನಾಲಿಗೆ ಏಳುವುದಿಲ್ಲ, ಆದರೆ ನಿನ್ನ ಮೂರನೆಯ ನಂಬರಿನ ಅರ್ಥ ನನಗೂ ಗೊತ್ತು. ಎಲ್ಲ ಸರಿಹೋಗಿ ನೀನು ಎದ್ದು ಓಡಾಡಿದರೆ, ಸರಿಹೋಗಿಯೇ ಹೋಗುತ್ತದೆ, ಅವಳು ನಿನ್ನನ್ನು ಒಂದು ವಾರ ಮುಂಚೆ ನೋಡಿದ ಹಾಗಾಯಿತು. ಒಂದು ವೇಳೆ ಹಾಗಾಗದಿದ್ದರೆ, ರಸ್ತೆ ಅಳೆಯಲು ಹೋದ ಅಮ್ಮ ಯಾಕೆ ಬರಲಿಲ್ಲ ಎಂದು ಅವಳು ಕೇಳುವಾಗ ನನ್ನ ಹತ್ತಿರ ಉತ್ತರ ಇರುವುದಿಲ್ಲ. ಅವಳು ಹೆದರುತ್ತಾಳೆ ಎನ್ನುತ್ತೀಯೆ. ಹೆದರಲಿ. ನಿನ್ನ ಪಕ್ಕ ಕೂತು ಹೆದರಲಿ. ಯೋಚಿಸಿ ನೋಡು, ಆದಷ್ಟು ಬೇಗ ಬರೆ.

ಟೈಲರ್ ನಿನ್ನನ್ನು ವಿಚಾರಿಸಿದರು. ಲೈಬ್ರರಿಗೆ ನಾನು ಈಗಲೂ ವಾರಕ್ಕೆರಡು ದಿನ ಹೋಗುತ್ತೇನೆ, ಹೊಸ ಹುಡುಗರಿಗೆ ಅಂಟು ಕಾಯಿಸಲು ಬರುವುದಿಲ್ಲ. ಔಷಧಿ ತಪ್ಪಿಸಬೇಡ. ಅಳಿಯಂದಿರಿಗೆ ನಮ್ಮ ಆಶೀರ್ವಾದ ತಿಳಿಸು. ನಿನ್ನ ತಲೆಯ ಮೇಲೆ ನಿಮ್ಮಮ್ಮನ ಕೈ ಒಂದು, ನನ್ನ ಕೈ ಒಂದು, ಯಾವಾಗಲೂ ಇವೆ ಎಂದು ತಿಳಿದುಕೊ. ನೂರು ವರ್ಷ ಬಾಳಮ್ಮ.

ಇಂತಿ ನಿನ್ನ
ಅಪ್ಪ

ತಾ.ಕ.: ಮಧ್ಯಾಹ್ನ ಮೂರೂವರೆ. ನಾಲ್ಕಕ್ಕೆ ಅಂಚೆಪೆಟ್ಟಿಗೆ ಖಾಲಿ ಮಾಡುತ್ತಾರೆ, ಅಕ್ಷರ ಕೆಟ್ಟದಾಗಿದ್ದರೆ ಕ್ಷಮಿಸು. ಮೇಲಿನದೆಲ್ಲ ನಿಮ್ಮಮ್ಮನಿಗೆ ಓದಿ ಹೇಳಿದೆ. ಕೊನೆಯವರೆಗೆ ಕೇಳಿ, "ಯಾರ ಅಪ್ಪಣೆ ಕೇಳ್ತಿದ್ದೀರಿ? ಇದು ಮುಟ್ಟೋದೇ ಶನಿವಾರ. ಅವಳು ಯೋಚನೆ ಮಾಡಿ, ಮತ್ತೆ ನಂಬರು ಹಾಕಿ ಬರೆದು, ಅದು ಇಲ್ಲಿಗೆ ಬರೋ ಹೊತ್ತಿಗೆ ಗುರುವಾರ ಕಳೆದಿರುತ್ತೆ. ಧೈರ್ಯ ಇಲ್ಲಾಂದ್ರೆ ಇಲ್ಲ ಅನ್ನಿ, ಅಂಚೆಯವನ ಮೇಲೆ ಯಾಕೆ ಹಾಕ್ತೀರಿ?" ಎಂದಳು. ಬಟಾಣಿ ಶಾಲೆಯಿಂದ ಬಂದು ಊಟ ಮಾಡಿದ ಮೇಲೆ ಸ್ಟೂಲಿನ ಮೇಲೆ ಕೂರಿಸಿ ಎಲ್ಲ ಹೇಳಿಬಿಟ್ಟೆ. ನಿನ್ನ ಮಾತು ಮೀರಿದ್ದೇನೆ, ಬೈಯುವುದಿದ್ದರೆ ನನ್ನನ್ನೇ ಬೈ. "ಅಮ್ಮ ಸತ್ತು ಹೋಗ್ತಾಳಾ?" ಎಂದು ಕೇಳಿದಳು. ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ತಡೆದೆ. ಹಾಗಾಗದ ಹಾಗೆ ನೋಡಿಕೊಳ್ಳಲು ತುಂಬ ಜನ ಡಾಕ್ಟರು ಇರುತ್ತಾರೆ, ಆದರೂ ತಾತನಿಗೂ ಭಯ ಇದೆ ಎಂದೆ. ಅತ್ತಳು. ಪಕ್ಕದ ಮನೆಯ ಟೈಲರ್ ಮಿಷನ್ ನಿಲ್ಲಿಸಿ ಓಡಿ ಬರುವಷ್ಟು ಅತ್ತಳು. ಆಮೇಲೆ ತಾನೇ ಹೋಗಿ ಸ್ವೆಟರು ಚೀಲಕ್ಕೆ ತುರುಕಿಕೊಂಡು ಬಂದಳು. ಅಳಿಯಂದಿರಿಗೆ ಫೋನ್ ಮಾಡಿದೆ. "ಬನ್ನಿ ಮಾವ" ಎಂದರು. ಶನಿವಾರ ಬೆಳಗಿನ ರೈಲಿಗೆ ಮೂವರೂ ಬರುತ್ತಿದ್ದೇವೆ. ಈ ಕಾಗದ ಮೊದಲೋ ನಾವು ಮೊದಲೋ ಗೊತ್ತಿಲ್ಲ, ಆದರೂ ಅಂಚೆಗೆ ಹಾಕುತ್ತೇನೆ, ಇದನ್ನೆಲ್ಲ ನಿನ್ನ ಎದುರು ಕೂತು ಹೇಳಲು ನನ್ನಿಂದ ಆಗದು. ಬಟಾಣಿ ಆಗಿನಿಂದ ಒಂದೇ ವಿಷಯ ಕೇಳಿ ನನ್ನ ತಲೆ ತಿನ್ನುತ್ತಿದ್ದಾಳೆ. ನಿನಗೆ ನೋವಿರುವುದು ಯಾವ ಕಡೆಯಂತೆ? ತಾನು ಇನ್ನೊಂದು ಕಡೆ ಮಲಗುತ್ತಾಳಂತೆ.